ಗುಡ್ಡದ ದಾರಿ, ಹಗುರವಾದ ಆಯುಧ ಮತ್ತು ಶ್ರಾವಕನ ವ್ರತ

ವ್ರತವನ್ನು ಸ್ವೀಕರಿಸುವುದು ಜಿನಾಲಯದಲ್ಲಿ, ಗುರುಗಳ ಸನ್ನಿಧಿಯಲ್ಲಿ. ಅದು ಪರೀಕ್ಷೆಗೆ ಒಳಗಾಗುವುದು ಅಡುಗೆಮನೆಯಲ್ಲಿ, ತೋಟದ ಬದುವಿನ ಮೇಲೆ, ಊರ ಹೊರಗಿನ ದಾರಿಯಲ್ಲಿ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವುದು ಮೊದಲಾದ ಆಚಾರಗಳು ತಲೆಮಾರುಗಳಿಂದ ನಡೆದುಬಂದಿರುವುದರಿಂದ ಶ್ರಾವಕನ ಮನೆಯಲ್ಲಿ ಇವುಗಳ ವಿಷಯವಾಗಿ ಸಂದೇಹ ಹುಟ್ಟುವುದು ಕಡಿಮೆ. ಆದರೆ ಕಾಲವು ಹೊಸ ಪದಾರ್ಥಗಳನ್ನೂ ಹೊಸ ಹವ್ಯಾಸಗಳನ್ನೂ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದಾಗ, ಹಿರಿಯರ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲವೆಂಬ ಕಾರಣದಿಂದಲೇ ಗೃಹಸ್ಥನು ತಡವರಿಸುತ್ತಾನೆ. ಅಂಥ ಪ್ರಶ್ನೆಗಳಲ್ಲಿ ಇದೊಂದು: ಅಹಿಂಸಾಣುವ್ರತವನ್ನು ಧರಿಸಿದ ಶ್ರಾವಕನು ಕಾಡುಗುಡ್ಡಗಳಲ್ಲಿ ಚಾರಣಕ್ಕೆ ಹೊರಡುವಾಗ ಆತ್ಮರಕ್ಷಣೆಗೆಂದು ಹಗುರವಾದ ರಿವಾಲ್ವರೊಂದನ್ನು ಸೊಂಟಕ್ಕೆ ಕಟ್ಟಿಕೊಳ್ಳಬಹುದೇ? ಪ್ರಶ್ನೆ ಚಿಕ್ಕದಾಗಿ ಕಂಡರೂ ಇದರೊಳಗೆ ಹಿಂಸೆಯ ಸ್ವರೂಪ, ಭಯದ ಸ್ವರೂಪ, ವ್ರತದ ಮೇರೆ ಎಂಬ ಮೂರು ವಿಚಾರಗಳು ಅಡಗಿವೆ.

ಈ ಪ್ರಶ್ನೆ ಕೇವಲ ತರ್ಕದ್ದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಸುತ್ತಣ ಪ್ರದೇಶವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಒಂದೆಡೆ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿದ ತೆಂಗಿನ ಸೀಮೆ; ಇನ್ನೊಂದೆಡೆ ಕಬ್ಬಿಣ, ಮ್ಯಾಂಗನೀಸ್ ಅದಿರುಗಳನ್ನು ಒಡಲಲ್ಲಿಟ್ಟುಕೊಂಡ ಕುರುಚಲು ಕಾಡಿನ ಗುಡ್ಡಸಾಲು. ತೋಟ ಮುಗಿಯುವಲ್ಲಿ ಕಾಡು ಮೊದಲಾಗುತ್ತದೆ. ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಅರಣ್ಯವು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಇಂಥ ಗುಡ್ಡಗಳು ಚಿರತೆ ಕರಡಿಗಳ ನೆಲೆ. 2019ರ ಕೊನೆಯಿಂದ 2020ರ ಆರಂಭದವರೆಗಿನ ಕೆಲವೇ ತಿಂಗಳುಗಳಲ್ಲಿ ಇದೇ ಜಿಲ್ಲೆಯ ತುಮಕೂರು, ಗುಬ್ಬಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳೂ ವಯಸ್ಸಾದವರೂ ಚಿರತೆಗೆ ಬಲಿಯಾದುದನ್ನು ಜನ ಮರೆತಿಲ್ಲ. ಆದುದರಿಂದ ಇಲ್ಲಿ ಭಯವೆಂಬುದು ಪುಸ್ತಕದ ಮಾತಲ್ಲ. ಅದನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ಇಂಥ ಊರಿನ ಒಂದು ಶ್ರಾವಕ ಕುಟುಂಬವನ್ನು ವಿಚಾರಕ್ಕಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಪಂಚಾಣುವ್ರತಗಳನ್ನು ಸ್ವೀಕರಿಸಿದವನು. ತಾಯಿ ಅಷ್ಟಾಹ್ನಿಕ, ದಶಲಕ್ಷಣ ಪರ್ವಗಳನ್ನು ತಪ್ಪದೆ ಆಚರಿಸುವವಳು. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ರಜೆಯ ದಿನಗಳಲ್ಲಿ ಊರಿಗೆ ಬಂದು ಗೆಳೆಯರೊಡನೆ ಗುಡ್ಡ ಹತ್ತುವ ಹವ್ಯಾಸವುಳ್ಳವನು. ಮಗ ಹೇಳುತ್ತಾನೆ: “ಅಪ್ಪಾಜಿ, ನಾನು ಬೇಟೆಗೆ ಹೋಗುವವನಲ್ಲ. ಗುಂಡು ಹಾರಿಸುವ ಆಸೆಯೂ ನನಗಿಲ್ಲ. ಜೊತೆಯಲ್ಲಿ ಒಂದಿದ್ದರೆ ಧೈರ್ಯ, ಅಷ್ಟೆ. ಅರ್ಧ ಕಿಲೋ ತೂಕ, ಇದೆಯೆಂಬುದೇ ಗೊತ್ತಾಗುವುದಿಲ್ಲ.” ತಾಯಿಯ ಮನಸ್ಸು ಮಗನ ಪ್ರಾಣಕ್ಕಾಗಿ ಹೆದರುತ್ತದೆ, ಮನೆಗೆ ಆಯುಧ ಬರುವುದಕ್ಕೂ ಹೆದರುತ್ತದೆ. ತಂದೆ ಉತ್ತರ ಕೊಡಬೇಕು. ಒಪ್ಪಿದರೆ ವ್ರತಕ್ಕೆ ಭಂಗವೋ ಎಂಬ ಶಂಕೆ. ಒಪ್ಪದೆ ನಾಳೆ ಮಗನಿಗೆ ಏನಾದರೂ ಆದರೆ ಜೀವನಪರ್ಯಂತ ಕೊರಗು. ಈ ತಂದೆಯ ಇಕ್ಕಟ್ಟನ್ನು ಗೌರವಿಸದೆ ಕೊಡುವ ಯಾವ ಉಪದೇಶವೂ ಬರಿಯ ಮಾತಾಗುತ್ತದೆ.

ಮೊದಲಿಗೆ ಆ ಪದಾರ್ಥವೇನೆಂದು ನೋಡುವುದು ಯುಕ್ತ. 2014ರಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆಯು ಟೈಟಾನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಕದ, .32 ಬೋರಿನ ರಿವಾಲ್ವರೊಂದನ್ನು ಹೊರತಂದಿತು. ಆಗ ಅದರ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕ್ರೌರ್ಯಕ್ಕೆ ಬಲಿಯಾದ ಯುವತಿಯ ನೆನಪಿನಲ್ಲಿ ಅದಕ್ಕೆ ‘ನಿರ್ಭೀಕ್’ ಎಂದು ಹೆಸರಿಟ್ಟರು. ಇಶಾಪುರದ ಕಾರ್ಖಾನೆಯ .22 ಬೋರಿನ ಇನ್ನೂ ಹಗುರವಾದ ರಿವಾಲ್ವರಿಗೆ ‘ನಿಡರ್’ ಎಂದು ಹೆಸರು. ಎರಡು ಹೆಸರುಗಳ ಅರ್ಥವೂ ಒಂದೇ: ಭಯವಿಲ್ಲದವನು. ಕೈಗೆ ಸಿಗುವುದು ಸುಲಿದ ಒಂದು ತೆಂಗಿನಕಾಯಿಯಷ್ಟು ತೂಕದ ಲೋಹ. ಅದರ ಮೇಲೆ ಕೆತ್ತಿರುವುದು ಅಭಯದ ಹೆಸರು. 1959ರ ಆಯುಧ ಅಧಿನಿಯಮದಂತೆ ಇದಕ್ಕೆ ಪರವಾನಗಿ ಬೇಕು. ಪೊಲೀಸ್ ವಿಚಾರಣೆಯೂ ಆಯುಧ ನಿರ್ವಹಣೆಯ ತರಬೇತಿಯೂ ಬೇಕು. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರಲ್ಲದೆ ಮತ್ತೊಬ್ಬರು ಒಯ್ಯುವಂತಿಲ್ಲ. ವನ್ಯಜೀವಿಧಾಮದೊಳಗೆ ಹೋಗುವುದಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧವನ್ನೇ ಕೊಂಡೊಯ್ಯುವಂತಿಲ್ಲ. ಚಿರತೆ, ಕರಡಿ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಸೇರಿ ಅತ್ಯುಚ್ಚ ರಕ್ಷಣೆ ಪಡೆದಿವೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲವೆಂದು ಅದೇ ಕಾನೂನು ಹೇಳುತ್ತದೆ. ಕಾನೂನು ಕ್ಷಮಿಸುವ ಸ್ಥಳವನ್ನು ಅದು ತೋರಿಸುತ್ತದೆ. ಧರ್ಮವು ಒಪ್ಪುವ ಸ್ಥಳವನ್ನು ಗೃಹಸ್ಥನೇ ವಿಚಾರಿಸಿ ಕಂಡುಕೊಳ್ಳಬೇಕು.

ಮಗನ ಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿಲ್ಲಿಸುವುದು ನ್ಯಾಯ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಮಾತ್ರ ಗೃಹಸ್ಥನು ಸರ್ವಥಾ ತ್ಯಜಿಸಬೇಕೆಂದು ವಿದ್ವಾಂಸರು ಹೇಳುತ್ತಾರೆ. ತನ್ನ ಮೇಲೆ, ತನ್ನವರ ಮೇಲೆ ಎರಗಿದವರನ್ನು ಎದುರಿಸುವುದು ವಿರೋಧೀ ಹಿಂಸೆ. ಅದು ಅಣುವ್ರತಿಗೆ ಅನಿವಾರ್ಯವೆಂದು ಬಿಡಲ್ಪಟ್ಟಿದೆ. ಆದಿತೀರ್ಥಂಕರರು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದು. ಗಂಗರ ದಂಡನಾಯಕ ಚಾವುಂಡರಾಯನು ಪರಮ ಜಿನಭಕ್ತ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಹಾಗೆಯೇ. ಇವರು ಖಡ್ಗ ಹಿಡಿದೂ ಶ್ರಾವಕರೆನಿಸಿದರೆಂದ ಮೇಲೆ, ಪ್ರಾಣರಕ್ಷಣೆಗೆ ಮಾತ್ರ ಒಂದು ಕಿರಿಯ ಆಯುಧವನ್ನು ಇಟ್ಟುಕೊಂಡವನು ಹೇಗೆ ವ್ರತಭ್ರಷ್ಟನಾದಾನು? ಗೃಹಸ್ಥನಿಂದ ಮುನಿಯ ಆಚರಣೆಯನ್ನು ನಿರೀಕ್ಷಿಸುವುದು ಸರಿಯೇ? ಈ ಆಕ್ಷೇಪವು ಅಲ್ಪವಾದುದಲ್ಲ. ಅಹಿಂಸೆಯೆಂಬುದು ಹೇಡಿತನವಲ್ಲವೆಂದು ಸಾರಿದ ಪರಂಪರೆಯ ಮಾತೇ ಇದರಲ್ಲಿ ಧ್ವನಿಸುತ್ತದೆ.

ಆದರೆ ಸಮಾಧಾನವೂ ಅದೇ ಪರಂಪರೆಯಲ್ಲಿದೆ. ವಿರೋಧೀ ಹಿಂಸೆಯೆಂಬುದು ಬಂದೊದಗುವುದು, ಅರಸಿಕೊಂಡು ಹೋಗುವುದಲ್ಲ. ಚಾವುಂಡರಾಯನು ಖಡ್ಗ ಹಿಡಿದುದು ರಾಜ್ಯಭಾರವನ್ನು ಹೊತ್ತ ಪದವಿಯಿಂದ. ಅವನು ರಣರಂಗವನ್ನು ವಿನೋದಕ್ಕಾಗಿ ಆರಿಸಿಕೊಂಡವನಲ್ಲ. ಗಡಿ ಕಾಯುವ ಸೈನಿಕನಿಗೂ ಊರು ಕಾಯುವ ಪೊಲೀಸನಿಗೂ ಈ ಮಾತೇ ಅನ್ವಯಿಸುತ್ತದೆ. ಚಾರಣವಾದರೋ ಮನಸ್ಸಿನ ಉಲ್ಲಾಸಕ್ಕಾಗಿ ಕೈಗೊಳ್ಳುವ ನಡೆ. ಬಿಟ್ಟರೆ ಯಾರ ಅನ್ನಕ್ಕೂ ಕೊರತೆಯಾಗದು. ಬಿಡಬಹುದಾದ ದಾರಿಯಲ್ಲಿ ಬೇಕೆಂದೇ ನಡೆದು, ಆ ದಾರಿಯ ಅಪಾಯವನ್ನು ಎದುರಿಸಲು ಮೊದಲೇ ಕೊಲ್ಲುವ ಸಾಧನವನ್ನು ಸಿದ್ಧಪಡಿಸಿಕೊಂಡವನು, ಅನಂತರ ನಡೆದುದನ್ನೆಲ್ಲ ‘ಅನಿವಾರ್ಯ’ವೆಂದು ಕರೆಯಲಾರನು. ಅನಿವಾರ್ಯತೆಯ ಒಂದು ಭಾಗವನ್ನು ಅವನೇ ನಿರ್ಮಿಸಿಕೊಂಡಿದ್ದಾನೆ. ಮತ್ತೊಂದು ಅಂಶವನ್ನೂ ಗಮನಿಸಬೇಕು. ಅನೇಕ ಯುದ್ಧಗಳನ್ನು ಗೆದ್ದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ಗಿರಿಯ ಮೇಲೆ ನಿಲ್ಲಿಸಿದುದು ತನ್ನಂಥ ವೀರನ ಪ್ರತಿಮೆಯನ್ನಲ್ಲ. ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಟ್ಟು, ಬರಿಗೈಯಲ್ಲಿ ಕಾಡಿನ ನಡುವೆ ನಿಂತ ಬಾಹುಬಲಿಯನ್ನು. ಆ ದಂಡನಾಯಕನಿಗೆ ತಾನು ಹಿಡಿದ ಖಡ್ಗದ ಮೇರೆ ಎಲ್ಲಿಯದೆಂದು ತಿಳಿದಿತ್ತು. ಅವನ ಹೆಸರನ್ನು ಆಯುಧಕ್ಕೆ ಪ್ರಮಾಣವಾಗಿ ಎತ್ತುವವರು ಅವನು ಕಡೆಯಿಸಿದ ಮೂರ್ತಿಯತ್ತಲೂ ಕಣ್ಣೆತ್ತಿ ನೋಡಬೇಕು.

ಧರ್ಮದ ಮಾತನ್ನು ಕ್ಷಣಕಾಲ ಬದಿಗಿಟ್ಟು ಲೋಕಾನುಭವವನ್ನು ವಿಚಾರಿಸಿದರೂ ಆ ಹಗುರವಾದ ಆಯುಧವು ಎಷ್ಟು ರಕ್ಷಣೆ ಕೊಡುತ್ತದೆಂಬುದು ಸಂದೇಹಾಸ್ಪದವೇ. ಕರಡಿಯ ಮೂಗು ಚುರುಕು, ದೃಷ್ಟಿ ಮಂದ. ಗೆದ್ದಲನ್ನು ಅಗೆಯುವುದರಲ್ಲಿ, ಹಣ್ಣು ತಿನ್ನುವುದರಲ್ಲಿ ಮಗ್ನವಾಗಿರುವಾಗ ಸದ್ದಿಲ್ಲದೆ ಬಂದ ಮನುಷ್ಯನನ್ನು ಹತ್ತಿರದಲ್ಲಿ ಹಠಾತ್ತನೆ ಕಂಡು, ಹೆದರಿಕೆಯಿಂದಲೇ ಅದು ಮೇಲೆರಗುತ್ತದೆ. ಪೊದೆಯಿಂದ ನುಗ್ಗಿ ಬರುವ ಅದಕ್ಕೆ ಬೇಕಾದುದು ಎರಡು ಮೂರು ಕ್ಷಣ; ಆ ಅವಧಿಯಲ್ಲಿ ಚೀಲದಿಂದ ಆಯುಧವನ್ನು ಹೊರತೆಗೆದು ಗುರಿಯಿಡುವುದು ನುರಿತವರಿಗೂ ಕಷ್ಟ. ರಿವಾಲ್ವರು ಹಗುರವಾದಷ್ಟೂ ಅದರ ಹಿಂದೊದೆತ ಕೈಗೆ ಹೆಚ್ಚು ತಾಗುತ್ತದೆ, ನಳಿಕೆ ಚಿಕ್ಕದಾದಷ್ಟೂ ಗುರಿ ತಪ್ಪುವುದು ಸುಲಭ. ಗುಂಡು ತಾಗಿ ಸಾಯದ ಪ್ರಾಣಿಯ ನೋವನ್ನೂ ರೋಷವನ್ನೂ, ಅನಂತರ ಆ ದಾರಿಯಲ್ಲಿ ಬರುವ ಕುರಿಗಾಹಿಯ ಗತಿಯನ್ನೂ ನೆನೆಯಬೇಕು. ಚಿರತೆಯಾದರೋ ಸಾಮಾನ್ಯವಾಗಿ ಮನುಷ್ಯನನ್ನು ತಪ್ಪಿಸಿ, ಇರುಳಿನಲ್ಲಿ ಸಂಚರಿಸುವ ಪ್ರಾಣಿ; ಅದು ಎರಗುವಾಗ ಮುಂದೆ ಬಂದು ಎಚ್ಚರಿಸುವುದಿಲ್ಲ. ನಾಲ್ಕಾರು ಜನ ಕೂಡಿ, ಮಾತನಾಡುತ್ತ, ಕೋಲಿನಿಂದ ನೆಲ ತಟ್ಟುತ್ತ, ಹಗಲು ಹೊತ್ತಿನಲ್ಲಿ ನಡೆದರೆ ಎರಡು ಪ್ರಾಣಿಗಳೂ ಬಹುಮಟ್ಟಿಗೆ ತಾವಾಗಿಯೇ ಸರಿದುಹೋಗುತ್ತವೆ. ಕಾಡಂಚಿನ ಹಳ್ಳಿಗರು ಇದನ್ನು ಬಲ್ಲರು. ಹೀಗೆ, ಕೊಲ್ಲುವ ಸಾಧನವು ಕೊಡಲಾಗದ ರಕ್ಷಣೆಯನ್ನು ಎಚ್ಚರಿಕೆಯ ನಡೆ ಕೊಡುತ್ತದೆ.

ಎದುರಾಗುವ ಆ ಜೀವವಾದರೂ ಯಾರು? ಚಿರತೆ ಕರಡಿಗಳು ಮನಸ್ಸುಳ್ಳ ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು. ಇಂಥ ತಿರ್ಯಂಚರಿಗೂ ಸಮ್ಯಕ್ತ್ವವು ಲಭಿಸಬಹುದು, ಅಣುವ್ರತಗಳೂ ಲಭಿಸಬಹುದೆಂದು ನಮ್ಮ ಆಗಮವು ಒಪ್ಪುತ್ತದೆ. ಪಾರ್ಶ್ವನಾಥ ಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಆನೆಯಾಗಿದ್ದು ವ್ರತ ಧರಿಸಿತು. ಮಹಾವೀರ ಸ್ವಾಮಿಯ ಜೀವವು ಸಿಂಹವಾಗಿದ್ದಾಗ, ಜಿಂಕೆಯನ್ನು ಕೊಂದು ತಿನ್ನುತ್ತಿದ್ದ ಸಮಯದಲ್ಲಿಯೇ ಇಬ್ಬರು ಚಾರಣಮುನಿಗಳ ಉಪದೇಶ ಕೇಳಿ ಧರ್ಮಮಾರ್ಗವನ್ನು ಹಿಡಿಯಿತು. ಆ ದಿನ ಆ ಮಾರ್ಗದಲ್ಲಿ ಮುನಿಗಳ ಬದಲು ಆಯುಧಪಾಣಿಯೊಬ್ಬನು ಬಂದಿದ್ದರೆ ಎಂದು ಶ್ರಾವಕನು ಒಮ್ಮೆ ಯೋಚಿಸಲಿ. ‘ಚಾರಣ’ವೆಂಬ ಶಬ್ದವನ್ನು ಇಂದು ಬೆಟ್ಟ ಹತ್ತುವ ಹವ್ಯಾಸಕ್ಕೆ ಬಳಸುತ್ತಾರೆ, ಜೈನ ಮನೆಗಳಿಗೆ ಆ ಶಬ್ದವು ಮೊದಲು ಪರಿಚಿತವಾದುದು ನೀರಿನ ಮೇಲೆ, ಹೂವಿನ ಮೇಲೆ, ಎಲೆಯ ಮೇಲೆ ನಡೆದರೂ ಒಂದು ಜೀವಕ್ಕೂ ಬಾಧೆಯಾಗದ ಋದ್ಧಿಯನ್ನು ಪಡೆದ ಮುನಿಗಳ ಹೆಸರಿನಲ್ಲಿ. ಒಂದು ಕ್ರೂರಮೃಗವನ್ನು ಕೊಂದರೆ ಅದು ಮುಂದೆ ಕೊಲ್ಲಲಿರುವ ಅನೇಕ ಜೀವಗಳು ಉಳಿಯುತ್ತವಲ್ಲ ಎಂಬ ವಾದವನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎತ್ತಿಕೊಂಡು, ಹಾಗೆ ತಿಳಿದು ಹಿಂಸ್ರಪ್ರಾಣಿಗಳನ್ನು ಕೊಲ್ಲಬಾರದೆಂದು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಲೆಕ್ಕ ಹಾಕಿ ಕೊಲ್ಲುವ ಅಧಿಕಾರವು ವ್ರತಿಗೆ ಇಲ್ಲ.

ಇನ್ನು ಭಯದ ವಿಚಾರ. ಮಗನು ಕೇಳುವುದು ಕೊಲ್ಲುವ ಶಕ್ತಿಯನ್ನಲ್ಲ, ಧೈರ್ಯವನ್ನು. ಇಹಲೋಕ, ಪರಲೋಕ, ವೇದನೆ, ಅರಕ್ಷೆ, ಅಗುಪ್ತಿ, ಮರಣ, ಆಕಸ್ಮಿಕ ಎಂದು ಭಯಗಳು ಏಳು. ಸಮ್ಯಗ್ದೃಷ್ಟಿಯು ಇವುಗಳಿಂದ ಮುಕ್ತನೆಂದು ಆಚಾರ್ಯರು ಹೇಳುತ್ತಾರೆ. ತನ್ನನ್ನು ಕಾಯುವವರಿಲ್ಲವೆಂಬ ಅಳುಕು ಅರಕ್ಷಾಭಯ; ಅಡಗಿಕೊಳ್ಳಲು ಕೋಟೆಯಂಥ ಸ್ಥಳವಿಲ್ಲವೆಂಬ ಅಳುಕು ಅಗುಪ್ತಿಭಯ; ಏನು ಬಂದೆರಗುವುದೋ ಎಂಬುದು ಆಕಸ್ಮಿಕಭಯ. ಗುಡ್ಡದ ದಾರಿಯಲ್ಲಿ ನಡೆಯುವವನಿಗೆ ಈ ಮೂರೂ ಸಹಜ. ಆದರೆ ‘ನಿರ್ಭೀಕ್’ ಎಂಬ ಹೆಸರಿನ ಲೋಹವು ಇವುಗಳಲ್ಲಿ ಯಾವುದನ್ನು ಕಳೆಯುತ್ತದೆ? ಅದನ್ನು ಮನೆಯಲ್ಲಿ ಮರೆತು ಬಂದ ದಿನ ಹಿಂದಿಗಿಂತ ಇಮ್ಮಡಿ ಭಯವಾಗುತ್ತದೆ. ಕಳುವಾದೀತೆಂಬ ಭಯ, ಮಕ್ಕಳ ಕೈಗೆ ಸಿಕ್ಕೀತೆಂಬ ಭಯ, ಪರವಾನಗಿಯ ಅವಧಿ ಮುಗಿದೀತೆಂಬ ಭಯ ಹೊಸದಾಗಿ ಸೇರುತ್ತವೆ. ಇವೆಲ್ಲಕ್ಕಿಂತ ಮಿಗಿಲಾದ ಭಯವೊಂದಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಕಷಾಯವು ಎಲ್ಲರ ಮನೆಯಲ್ಲಿಯೂ ಏಳುತ್ತದೆ. ಕೊಬ್ಬರಿಯ ಧಾರಣೆ ಕುಸಿದ ವರ್ಷ, ಸಾಲದ ಕಾಗದ ಬಂದ ದಿನ, ಅಣ್ಣತಮ್ಮಂದಿರ ಪಾಲಿನ ಜಗಳದ ರಾತ್ರಿ ಕ್ರೋಧವೋ ನಿರಾಶೆಯೋ ಉಕ್ಕಿ ಬರುತ್ತದೆ. ಸಾಮಾನ್ಯವಾಗಿ ಬೆಳಗಾಗುವುದರೊಳಗೆ ಇಳಿಯುತ್ತದೆ. ಬೆಳಗಾಗುವವರೆಗೆ ಕಾಯಲು ಬಿಡದ ಪದಾರ್ಥವೊಂದು ಪೆಟ್ಟಿಗೆಯಲ್ಲಿದ್ದರೆ ಆ ಒಂದು ಕ್ಷಣವೇ ಸಾಕು. ಚಿರತೆಯನ್ನು ನೆನೆದು ತಂದ ಆಯುಧವು ಚಿರತೆಯನ್ನು ಎಂದೂ ಕಾಣದೆ, ಮನೆಯವರೊಬ್ಬರ ಮೇಲೆ, ಅಥವಾ ತಂದವನ ಮೇಲೆಯೇ ತಿರುಗಿದ ದುಃಖವನ್ನು ಲೋಕವು ಎಷ್ಟೋ ಬಾರಿ ಕಂಡಿದೆ.

ಆಯುಧವನ್ನು ಆರಿಸುವ ಕ್ರಿಯೆಯೂ ವಿಚಾರಾರ್ಹ. ಯಾವುದು ಹಗುರ, ಯಾವುದರಲ್ಲಿ ಎಷ್ಟು ಗುಂಡು, ಯಾವುದು ಬೇಗ ಹೊರಬರುತ್ತದೆ, ಯಾವ ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ದಿನಗಟ್ಟಲೆ ತೂಗಿ ನೋಡುವವನ ಚಿತ್ತದಲ್ಲಿ ಏನು ನಡೆಯುತ್ತಿರುತ್ತದೆ? ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಬೀಳುತ್ತಿರುವ ಒಂದು ದೇಹದ ಚಿತ್ರವಿದೆ. ಹಿಂಸೆಯೆಂದರೆ ಪ್ರಾಣಹರಣ ಮಾತ್ರವಲ್ಲ, ಅದಕ್ಕೆ ಮೂಲವಾದ ಪ್ರಮತ್ತಭಾವವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಗುಂಡು ಒಮ್ಮೆಯೂ ಹಾರದಿದ್ದರೂ ಭಾವಹಿಂಸೆಯ ಬಂಧವು ತಪ್ಪಲಾರದು. ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಅನರ್ಥದಂಡಗಳನ್ನು ಹೇಳಿ, ಇವುಗಳಿಂದ ವಿರಮಿಸುವುದನ್ನು ಗುಣವ್ರತವಾಗಿ ವಿಧಿಸಿದ್ದಾರೆ. ಕೊಡಲಿ, ಖಡ್ಗ, ವಿಷ, ಸಂಕೋಲೆಗಳಂಥ ಹಿಂಸೋಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ತಂದೆಯು ಹಣ ಕೊಟ್ಟು ಮಗನಿಗೆ ಆಯುಧ ತೆಗೆಸಿಕೊಟ್ಟರೆ ಅದು ಇದರ ನೆರಳಿಗೆ ಬಾರದೇ ಇರದು. ಪರರ ವಧಬಂಧನಗಳನ್ನು ಚಿಂತಿಸುತ್ತಿರುವುದು ಅಪಧ್ಯಾನ. ಪ್ರಯೋಜನವಿಲ್ಲದೆ ಆತ್ಮಕ್ಕೆ ಶಿಕ್ಷೆಯನ್ನು ತಂದುಕೊಳ್ಳುವುದೇ ‘ಅನರ್ಥದಂಡ’. ಉಲ್ಲಾಸಕ್ಕಾಗಿ ನಡೆಯುವ ನಡೆಗೆ ಆಯುಧ ಧರಿಸುವುದಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು.

“ಮೃಗಗಳ ಮಾತು ಹಾಗಿರಲಿ, ಒಂಟಿ ದಾರಿಯಲ್ಲಿ ಕಳ್ಳರೆರಗಿದರೆ?” ಎಂದು ಕೇಳಬಹುದು. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ದಂಡ ಸಂಹಿತೆಯು ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕೊಟ್ಟಿದೆ. ಸ್ತ್ರೀಯೊಬ್ಬಳು ತನ್ನ ಮಾನಪ್ರಾಣಗಳನ್ನು, ತಂದೆಯು ತನ್ನ ಮಗುವನ್ನು ಕಾಪಾಡಿಕೊಳ್ಳಲು ಕೈಗೆ ಸಿಕ್ಕಿದುದರಿಂದ ಎದುರಿಸಿದರೆ ಅಲ್ಲಿ ವ್ರತಭಂಗವನ್ನು ಹುಡುಕುವುದು ಕ್ರೂರತನವಾದೀತು. ಆದರೆ ದಾರಿಗಳ್ಳನಿಗೆ ಬೇಕಾದುದು ಹೆಚ್ಚಾಗಿ ಪ್ರಾಣವಲ್ಲ, ಪರಿಗ್ರಹ. ಕೊರಳ ಸರವನ್ನೂ ಹೆಚ್ಚಿನ ಹಣವನ್ನೂ ಮನೆಯಲ್ಲಿಟ್ಟು ಹೋದವನು ಆ ಭಯದ ಬಹುಭಾಗವನ್ನು ಮನೆಯಲ್ಲಿಯೇ ಬಿಟ್ಟುಹೋದಂತೆ. ಲಕ್ಷಾಂತರ ಬೆಲೆಯ ರಿವಾಲ್ವರೇ ಕಳ್ಳನಿಗೆ ಬೇಕಾದ ವಸ್ತುವೆಂಬುದನ್ನೂ ಮರೆಯಬಾರದು.

ಇಲ್ಲಿ ಒಂದು ಭೇದವನ್ನು ಮಾಡದಿದ್ದರೆ ಅನ್ಯಾಯವಾಗುತ್ತದೆ. ಗುಡ್ಡದಡಿಯ ತೋಟಕ್ಕೆ ಇರುಳಿನಲ್ಲಿ ಕರೆಂಟು ಬಂದಾಗ ಪಂಪು ಹಾಕಲು ಹೋಗುವವನ ನಡೆ ವಿನೋದದ್ದಲ್ಲ. ಅದು ಅವನ ಅನ್ನದ ದಾರಿ, ಉದ್ಯೋಗದ ದಾರಿ. ಅವನಿಗೆ ‘ಹೋಗಬೇಡ’ ಎನ್ನುವುದು ಸುಲಭ, ತೆಂಗಿನ ಗಿಡಕ್ಕೆ ನೀರು ಕೊಡುವುದು ಕಷ್ಟ. ಅವನ ರಕ್ಷಣೆಗೆ ಬೇಕಾದುದು ಪ್ರಖರವಾದ ದೀಪ, ಜೊತೆಗೊಬ್ಬ ಮನುಷ್ಯ, ಬದುವಿನ ಪೊದೆಗಳನ್ನು ಸವರಿದ ದಾರಿ, ಹಗಲಿನಲ್ಲಿ ವಿದ್ಯುತ್ತು ಕೊಡಬೇಕೆಂದು ಊರವರೆಲ್ಲ ಕೂಡಿ ಕೇಳುವ ಒಗ್ಗಟ್ಟು. ಚಿರತೆ ಊರೊಳಗೆ ಬರತೊಡಗಿದರೆ ಬೋನಿಟ್ಟು ಹಿಡಿದು ಸಾಗಿಸುವ ಹೊಣೆ ಅರಣ್ಯ ಇಲಾಖೆಯದು. ಇಷ್ಟೆಲ್ಲ ಆದರೂ ಒಂದು ದಿನ ಮಗುವಿನ ಮೇಲೆ ಮೃಗವು ಎರಗಿ, ತಂದೆಯು ಕುಡುಗೋಲಿನಿಂದ ಅದನ್ನು ಹೊಡೆಯಬೇಕಾಗಿ ಬಂದರೆ ಅದು ನಿಜವಾದ ವಿರೋಧೀ ಹಿಂಸೆ. ಅವನು ಗುರುಗಳಲ್ಲಿ ಆಲೋಚನೆ ಮಾಡಿ, ಪ್ರಾಯಶ್ಚಿತ್ತ ಪಡೆದು, ಸತ್ತ ಆ ಜೀವಕ್ಕಾಗಿಯೂ ಮರುಗಲಿ. ಮರುಗುವ ಮನಸ್ಸು ಉಳಿದಿರುವವರೆಗೆ ವ್ರತವೂ ಉಳಿದಿರುತ್ತದೆ.

ಹಾಗಾದರೆ ಚಾರಣದ ಮಗನಿಗೆ ತಂದೆಯು ಏನು ಹೇಳಬೇಕು? ‘ಆಯುಧ ಬೇಡ’ ಎಂಬ ನಿಷೇಧ ಮಾತ್ರವೇ ಉತ್ತರವಾಗಲಾರದು. ಅದರ ಸ್ಥಾನದಲ್ಲಿ ಆಚಾರ್ಯರು ಬೇರೊಂದು ಉಪಾಯವನ್ನು ಇಟ್ಟಿದ್ದಾರೆ. ಅದೇ ದಿಗ್ವ್ರತ ಮತ್ತು ದೇಶಾವಕಾಶಿಕ. ನದಿ, ಅರಣ್ಯ, ಪರ್ವತ, ದೇಶ ಮೊದಲಾದುವನ್ನು ಮೇರೆಯಾಗಿಟ್ಟು ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ಆಜೀವ ಎಲ್ಲೆಯನ್ನು ಕಟ್ಟಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೂ ಮನೆ, ಊರು, ಹೊಲ, ಕಾಡು ಎಂದು ಗುರುತಿಟ್ಟು, ಇಷ್ಟು ದಿನ, ಇಷ್ಟು ಹೊತ್ತು ಎಂದು ಇನ್ನೂ ಕಿರಿದಾಗಿಸಿಕೊಳ್ಳುವುದು ದೇಶಾವಕಾಶಿಕ. ಅಧಿಕ ದೂರ, ಅಧಿಕ ಎತ್ತರ, ಅಧಿಕ ಇರುಳು ಮನುಷ್ಯನಿಗೆ ಸೇರಿದ್ದೆಂದು ಹೇಳಿ ಅವನ ಎಲ್ಲೆಯನ್ನು ಹಿಗ್ಗಿಸುವುದು ಆಯುಧದ ಸ್ವಭಾವ. ವ್ರತದ ಸ್ವಭಾವ ಇದಕ್ಕೆ ವಿರುದ್ಧ. ಅಪಾಯವಿರುವಲ್ಲಿ ಆಯುಧವನ್ನು ಹೆಚ್ಚಿಸದೆ ಎಲ್ಲೆಯನ್ನು ಕುಗ್ಗಿಸೆಂದು ಅದು ಬೋಧಿಸುತ್ತದೆ. ದಿಗ್ವ್ರತದ ಅತಿಚಾರಗಳಲ್ಲಿ ಊರ್ಧ್ವಾತಿಕ್ರಮವೆಂಬುದೊಂದು. ಪರ್ವತಾದಿಗಳಲ್ಲಿ ಗೊತ್ತುಮಾಡಿದ ಎತ್ತರವನ್ನು ಮೀರಿ ಏರುವುದು. ಬೆಟ್ಟ ಹತ್ತುವವನ ಉತ್ಸಾಹವು ಎಲ್ಲಿ ಎಲ್ಲೆ ಮೀರುತ್ತದೆಂಬುದನ್ನು ಆಚಾರ್ಯರು ಆಗಲೇ ಬಲ್ಲವರಾಗಿದ್ದರು.

ಇದರಲ್ಲಿ ಇನ್ನೂ ಸೂಕ್ಷ್ಮವಾದೊಂದು ಮಾತಿದೆ. ತಾನು ಕಟ್ಟಿಕೊಂಡ ಎಲ್ಲೆಯ ಹೊರಗೆ ಗೃಹಸ್ಥನಿಂದ ಸೂಕ್ಷ್ಮ ಪಾಪವೂ ನಡೆಯದೆ ಇರುವುದರಿಂದ, ಆ ಹೊರಭಾಗದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಸ್ವರೂಪವನ್ನು ಪಡೆಯುತ್ತವೆ ಎಂದು ಸಮಂತಭದ್ರಸ್ವಾಮಿಗಳು ಹೇಳುತ್ತಾರೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಗುಡ್ಡದ ತಪ್ಪಲನ್ನು ದಾಟೆನೆಂದು ನಿಯಮ ಮಾಡಿದ ಶ್ರಾವಕನು ಅಷ್ಟು ಹೊತ್ತು ಆ ಗುಡ್ಡದ ಚಿರತೆಗೆ, ಕರಡಿಗೆ, ಅದರ ಮರಿಗೆ, ಗೆದ್ದಲಿಗೆ, ಹುಲ್ಲಿಗೆ ಮುನಿಯಂತೆಯೇ ಅಭಯದಾತನು. ಒಂದು ಗುಡ್ಡದ ಸಕಲ ಜೀವಕ್ಕೂ ಅಭಯವನ್ನು ಕೊಟ್ಟವನು ತನ್ನ ಅಭಯವನ್ನೂ ಅದರಲ್ಲಿಯೇ ಪಡೆಯುತ್ತಾನೆ. ಇರುಳಿನ ಗುಡ್ಡವನ್ನು ಬಿಟ್ಟವನಿಗೆ ಇರುಳಿನ ಮೃಗದ ಭಯವೆಲ್ಲಿಯದು? ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಮನೆ ಸೇರುವ ಅಭ್ಯಾಸವಿದ್ದ ನಮ್ಮ ಹಿರಿಯರ ಮನೆಗಳಲ್ಲಿ ಈ ರಕ್ಷಣೆಯು ಹೇಳದೆಯೇ ನಡೆಯುತ್ತಿತ್ತು. ಮಗನು ಗುಡ್ಡಕ್ಕೆ ಹೋಗಲಿ, ಹಗಲು ಹೋಗಿ ಹಗಲೇ ಬರಲಿ, ಒಂಟಿಯಾಗಿ ಹೋಗದಿರಲಿ, ಅರಣ್ಯದವರು ಬೇಡವೆಂದ ಕಡೆ ಕಾಲಿಡದಿರಲಿ. ಗುಡ್ಡವೇ ಬೇಕಾದರೆ ತುಮಕೂರಿನ ಬಳಿ ಮೆಟ್ಟಿಲೇರಿ ಜಿನದರ್ಶನ ಮಾಡುವ ಮಂದಾರಗಿರಿ ಇದೆ. ದಾರಿಯಲ್ಲಿ ನಿಟ್ಟೂರಿನ ಹೊಯ್ಸಳ ಕಾಲದ ಬಸದಿಯೂ ಇದೆ.

ಕೊನೆಯದಾಗಿ ‘ಹಗುರ’ವೆಂಬ ಗುಣವನ್ನು ಕುರಿತು ಒಂದು ಮಾತು. ಆ ರಿವಾಲ್ವರನ್ನು ಮೆಚ್ಚುವವರು ಮೊದಲು ಹೇಳುವುದು ಅದರ ಹಗುರತನವನ್ನು. ದಿಗಂಬರ ಮುನಿಗಳು ವಿಹಾರದಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಗೂ ಐದು ಗುಣಗಳನ್ನು ಹೇಳಿದ್ದಾರೆ: ಧೂಳನ್ನು ಹಿಡಿಯದಿರುವುದು, ಬೆವರನ್ನು ಹಿಡಿ‌ಯದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ. ಅಲ್ಲಿಯೂ ಹಗುರತನವೇ ಗುಣ. ಆದರೆ ಆ ಹಗುರತನವು ಹಿಡಿದವನ ಸುಖಕ್ಕಲ್ಲ, ತಾಗಿಸಿಕೊಂಡ ಕ್ರಿಮಿಯ ಕ್ಷೇಮಕ್ಕೆ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು (1872–1955) 1927–28ರಲ್ಲಿ ದಕ್ಷಿಣದಿಂದ ಸಮ್ಮೇದಶಿಖರಜಿಯವರೆಗೆ ಪಾದವಿಹಾರ ಮಾಡಿದಾಗ ಅವರ ಕೈಯಲ್ಲಿದ್ದುದು ಪಿಂಛಿ ಕಮಂಡಲುಗಳು ಮಾತ್ರ. ಗೃಹಸ್ಥನು ಮುನಿಯಲ್ಲ, ನಿಜ. ಪಿಂಛಿಯನ್ನು ಹಿಡಿಯುವ ಅಧಿಕಾರ ಅವನಿಗಿಲ್ಲ. ಆದರೆ ದಾರಿಯಲ್ಲಿ ನಡೆಯುವಾಗ ಕೈಯಲ್ಲಿರುವ ವಸ್ತುವು ಯಾರ ಕ್ಷೇಮಕ್ಕೆ ಹಗುರವಾಗಿದೆಯೆಂದು ಕೇಳಿಕೊಳ್ಳುವ ಅಧಿಕಾರ ಅವನಿಗಿದೆ.

ಸಂದೇಹ ಉಳಿದವರಿಗೆ ಪರ್ವದಿನವೇ ಒರೆಗಲ್ಲು. ಚತುರ್ದಶಿಯ ಪ್ರೋಷಧೋಪವಾಸದಂದು ಪಂಚಪಾಪಗಳನ್ನೂ ಆರಂಭಗಳನ್ನೂ ತ್ಯಜಿಸಿದ ಶ್ರಾವಕನು ಆ ದಿನ ಸೊಂಟದಲ್ಲಿ ಆಯುಧವನ್ನಿಟ್ಟುಕೊಂಡು ಸಾಮಾಯಿಕಕ್ಕೆ ಕುಳಿತಾನೇ? ಕುಳಿತರೆ ಸಮಭಾವವು ಬಂದೀತೇ? ಆ ದಿನ ಆಯುಧವಿಲ್ಲದೆ ನಡೆದಾಡಲು ಸಾಧ್ಯವಾದರೆ ಉಳಿದ ದಿನಗಳಲ್ಲಿಯೂ ಅದು ಸಾಧ್ಯವೇ. ಉಪವಾಸವು ಅನ್ನವಿಲ್ಲದೆ ಒಂದು ದಿನ ಇರಬಹುದೆಂಬುದನ್ನು ದೇಹಕ್ಕೆ ಕಲಿಸುವಂತೆ, ಆಯುಧವಿಲ್ಲದೆ ಒಂದು ದಿನ ಇರಬಹುದೆಂಬುದನ್ನು ಮನಸ್ಸಿಗೂ ಕಲಿಸುತ್ತದೆ. ಗುಡ್ಡಗಾಡಿನ ಅಂಚಿನಲ್ಲಿರುವ ಶ್ರಾವಕ ಕುಟುಂಬಗಳು ಬರಲಿರುವ ದಶಲಕ್ಷಣ ಪರ್ವದಲ್ಲಿ, ಆಹಾರತ್ಯಾಗದ ನಿಯಮಗಳೊಡನೆ, ತಮ್ಮ ಸಂಚಾರದ ಎಲ್ಲೆಯನ್ನೂ ಹೊತ್ತನ್ನೂ ಗುರುಗಳೆದುರು ನಿಶ್ಚಯಿಸಿಕೊಂಡು, ಮನೆಯ ಕಿರಿಯರಿಗೂ ಕಾರಣವನ್ನು ವಿವರಿಸಿ ತಿಳಿಸುವುದು ಉಚಿತ. ಎಲ್ಲೆ ಕಿರಿದಾದಷ್ಟೂ ಅಭಯವು ಹಿರಿದಾಗುತ್ತದೆ.